ಖಾತೆ ದೊಡ್ಡದು, ವಯಸ್ಸು ಚಿಕ್ಕದು, ಮನೆಯಲ್ಲಿ ಸಾವಾಗಿದೆ: ಒಡಹುಟ್ಟಿದವರನ್ನು ಕಳೆದುಕೊಂಡ ಮಕ್ಕಳ ಆನ್‌ಲೈನ್ ಖಾತೆ ನೋಡಿಕೊಳ್ಳೋದು ಹೇಗೆ?

ನಿರ್ವಾಹಕಿ

ಬೇರೆ ಬೇರೆ ಕಡೆ ಚೂರುಚೂರಾಗಿ ಬರ್ತಿದ್ದ ಪ್ರಶ್ನೆಯನ್ನ ಒಂದೇ ಜಾಗಕ್ಕೆ ತರ್ತಿದ್ದೀನಿ. 13ರಿಂದ 17ರೊಳಗಿನ ಹುಡುಗಿಯೋ ಹುಡುಗನೋ. ಇನ್‌ಸ್ಟಾಗ್ರಾಮ್‌ನಲ್ಲೋ ಯೂಟ್ಯೂಬ್‌ನಲ್ಲೋ ಲಕ್ಷಗಟ್ಟಲೆ ಜನ ನೋಡ್ತಾರೆ. ಅಣ್ಣನೋ ತಂಗಿಯೋ ತೀರಿಕೊಂಡಿದ್ದಾರೆ, ಅರ್ಧಕ್ಕರ್ಧ ವಿಡಿಯೋಗಳಲ್ಲಿ ಅವರೂ ಇದ್ದಾರೆ. ಮೊದಲ ದಿನದಿಂದ ಮುಂದಕ್ಕೆ ಆ ಖಾತೆಯನ್ನ ಯಾರು, ಹೇಗೆ ನೋಡ್ಕೋಬೇಕು? ಸಾಂತ್ವನದ ಮಾತು ಬೇಡ, ಸ್ವಂತ ಕತೆ ಬೇಡ, ಯಾರ ಹೆಸರೂ ಬೇಡ. ಕೆಲಸಕ್ಕೆ ಬರೋದು ಬರೀರಿ.

ಚಾನೆಲ್‌ಕೆಲಸ

ಎಲ್ಲಕ್ಕಿಂತ ಮೊದಲು ಶೆಡ್ಯೂಲ್ ಆಗಿರೋ ಪೋಸ್ಟ್‌ಗಳನ್ನ ನಿಲ್ಲಿಸಿ. ಎಲ್ಲರೂ ಮರೆಯೋದು ಇದನ್ನೇ. ಹಿಂದಿನ ವಾರ ತಯಾರು ಮಾಡಿಟ್ಟ ತಮಾಷೆ ರೀಲ್ ಸಂಜೆ 6ಕ್ಕೆ ತಾನಾಗಿ ಹೋಗುತ್ತೆ. ಮಾರನೇ ದಿನ ಅದರ ಸ್ಕ್ರೀನ್‌ಶಾಟು "ಅಣ್ಣ ಹೋದ ದಿನಾನೂ ಇವಳಿಗೆ ರೀಲೇ ಮುಖ್ಯ" ಅಂತ ಊರೆಲ್ಲ ಸುತ್ತುತ್ತೆ. ಒಮ್ಮೆ ಹರಡಿದ ಮೇಲೆ "ಅದು ಮೊದಲೇ ಶೆಡ್ಯೂಲ್ ಆಗಿತ್ತು" ಅಂದ್ರೆ ಯಾರೂ ಕೇಳಲ್ಲ.

ನೋಡಬೇಕಾದ ಜಾಗಗಳು: ಯೂಟ್ಯೂಬ್ ಸ್ಟುಡಿಯೋದ ವಿಡಿಯೋ ಪಟ್ಟಿ (ಶೆಡ್ಯೂಲ್ ಅಂತಿರೋದನ್ನ ಪ್ರೈವೇಟ್ ಮಾಡಿ), ಮೆಟಾ ಬಿಸಿನೆಸ್ ಸೂಟ್‌ನ ಪ್ಲಾನರ್ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೋಸ್ಟುಗಳನ್ನ ಮೊದಲೇ ಜೋಡಿಸಿಡೋ ಜಾಗ), ಇನ್‌ಸ್ಟಾಗ್ರಾಮ್ ಆಪ್‌ನೊಳಗೇ ಶೆಡ್ಯೂಲ್ ಮಾಡಿದ್ದು, ಹೊರಗಿನ ಶೆಡ್ಯೂಲಿಂಗ್ ಆಪ್‌ಗಳು. ಕೊನೆಯದಾಗಿ, ಬ್ರ್ಯಾಂಡ್‌ನವರು ತಮ್ಮ ದುಡ್ಡಲ್ಲಿ ಓಡಿಸ್ತಿರೋ ಜಾಹೀರಾತು. ಮಗುವಿನ ಮುಖ ಇರೋ ಆ ಜಾಹೀರಾತನ್ನ ನಮ್ಮ ಖಾತೆಯಿಂದ ಏನೇ ಮಾಡಿದ್ರೂ ಪೂರ್ತಿ ನಿಲ್ಲಿಸಿದ ಹಾಗಾಗಲ್ಲ, ಅವರಿಗೇ ಮೇಲ್ ಹೋಗಬೇಕು.

ಎರಡನೇದು ಒಟಿಪಿ. ಇಂಥ ಖಾತೆಗಳಲ್ಲಿ ದೊಡ್ಡವರಾದ ಅಣ್ಣ ಅಥವಾ ಅಕ್ಕನೇ ಕ್ಯಾಮೆರಾ ಹಿಡಿದವರು, ಎಡಿಟ್ ಮಾಡಿದವರು, ಖಾತೆ ತೆರೆದವರು ಆಗಿರ್ತಾರೆ. ಅಂದ್ರೆ ಒಟಿಪಿ ಹೋಗೋದು ತೀರಿಕೊಂಡವರ ನಂಬರಿಗೆ. ಆ ಸಿಮ್ ನಿಂತುಹೋಗೋ ಮೊದಲು ರಿಕವರಿ ನಂಬರ್, ರಿಕವರಿ ಇಮೇಲ್ ಬದಲಿಸಿ, ಬ್ಯಾಕಪ್ ಕೋಡ್‌ಗಳನ್ನ (ಒಟಿಪಿ ಬರದಿದ್ದಾಗ ಲಾಗಿನ್‌ಗೆ ಬಳಸೋವು) ಕಾಗದದ ಮೇಲೆ ಬರೆದಿಡಿ. ಸಿಮ್‌ಗೆ ರೀಚಾರ್ಜ್ ಮಾಡ್ತಾ ಇರಿ. ಬಳಕೆಯಿಲ್ಲದ ನಂಬರನ್ನ ಕಂಪನಿ ವಾಪಸ್ ತಗೊಂಡು ಇನ್ಯಾರಿಗೋ ಕೊಡುತ್ತೆ. ಆಮೇಲೆ ಆ ನಂಬರಿನ ವಾಟ್ಸಾಪ್‌ನಲ್ಲಿ ಗೊತ್ತಿಲ್ಲದವರ ಮುಖ ಬಂದು ಕೂರುತ್ತೆ, ಅದನ್ನ ನೋಡೋದು ಮಗುವೇ.

ಡೇಟಾಮೇಷ್ಟ್ರು

ಚಾನೆಲ್‌ಕೆಲಸ ಅವರು ಹೇಳಿದ ಸಿಮ್ ವಿಷಯಕ್ಕೆ ಇದನ್ನ ಸೇರಿಸಿ. ತೀರಿಕೊಂಡವರ ಫೋನನ್ನ ಚಾರ್ಜಿಗೆ ಹಾಕಿಡಿ, ಆಫ್ ಆಗೋಕೆ ಬಿಡಬೇಡಿ. ಮತ್ತೆ ಆನ್ ಆದಾಗ ಪಾಸ್‌ಕೋಡ್ ಕೇಳುತ್ತೆ. ಊಹೆ ಮೇಲೆ ಒತ್ತುತ್ತಾ ಕೂರಬೇಡಿ. ಐಫೋನ್‌ನಲ್ಲಿ 10 ಸಲ ತಪ್ಪಾದರೆ ಎಲ್ಲ ಅಳಿಸಿಹೋಗೋ ಆಯ್ಕೆ ಆನ್ ಆಗಿರಬಹುದು.

ಮೊದಲು ಉಳಿಸಬೇಕಾದ್ದು ದನಿ. ಫೋಟೋ ಹತ್ತು ಕಡೆ ಇರುತ್ತೆ. "ಏ, ಬರ್ತಾ ಚಾರ್ಜರ್ ತಗೊಂಡ್ ಬಾರೇ" ಅನ್ನೋ ನಾಲ್ಕು ಸೆಕೆಂಡಿನ ವಾಯ್ಸ್ ಮೆಸೇಜ್ ಒಂದೇ ಕಡೆ ಇರುತ್ತೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಮೀಡಿಯಾ ಫೋಲ್ಡರ್‌ನೊಳಗೆ ವಾಯ್ಸ್ ನೋಟ್ಸ್ ಅಂತ ಒಂದಿದೆ, ಅದರೊಳಗೆ ವಾರಕ್ಕೊಂದು ಫೋಲ್ಡರ್. ಫೈಲುಗಳು ಪಿಟಿಟಿ ಅಂತ ಶುರುವಾಗ್ತವೆ, ಮುಂದೆ ತಾರೀಖು, ಕೊನೆಗೆ ಓಪಸ್ ಅನ್ನೋ ಬಾಲ. ಹೆಸರಲ್ಲಿ ಯಾರು ಕಳಿಸಿದ್ದು ಅಂತ ಇರಲ್ಲ. ಹಾಗಾಗಿ ಮಗುವಿನ ಫೋನಿಂದ ಆ ಒಂದು ಚಾಟನ್ನೇ ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡೋದು ಸುಲಭ. ಒಂದು ಮಿತಿ ಇದೆ: ಮೀಡಿಯಾ ಸಮೇತ ಆದ್ರೆ ಇತ್ತೀಚಿನ 10,000 ಮೆಸೇಜ್, ಬರೀ ಅಕ್ಷರ ಆದ್ರೆ 40,000. ಹಳೇದು ಬೇಕಿದ್ರೆ ಫೋಲ್ಡರನ್ನೇ ಕಂಪ್ಯೂಟರಿಗೆ ನಕಲು ಮಾಡಬೇಕು. ಡಿಸ್‌ಅಪಿಯರಿಂಗ್ ಮೆಸೇಜ್ (ತಾನಾಗಿ ಅಳಿಸಿಹೋಗೋ ಮೆಸೇಜ್) ಆನ್ ಇದೆಯಾ ಅಂತ ಅವತ್ತೇ ನೋಡಿ. 24 ಗಂಟೆ, 7 ದಿನ, 90 ದಿನ ಯಾವುದೇ ಇದ್ರೂ ಅಳಿಯೋದು ನಡೀತಾನೇ ಇರುತ್ತೆ. ಈಗ ಆಫ್ ಮಾಡಿದ್ರೂ ಹಳೇ ಮೆಸೇಜುಗಳ ಗಡಿಯಾರ ನಿಲ್ಲಲ್ಲ, ಅವನ್ನ ಒಂದೊಂದಾಗಿ ಬೇರೆ ಕಡೆ ಉಳಿಸಬೇಕು. ಇನ್ನೊಂದು: 120 ದಿನ ಬಳಕೆ ಇಲ್ಲದ ವಾಟ್ಸಾಪ್ ಖಾತೆಯನ್ನ ಕಂಪನಿ ಸಾಮಾನ್ಯವಾಗಿ ತೆಗೆದುಹಾಕುತ್ತೆ.

ಎರಡು ನಕಲು ಮಾಡಿ. ಒಂದು ಹಾರ್ಡ್ ಡಿಸ್ಕ್, ಒಂದು ಕ್ಲೌಡ್. ಎರಡನ್ನೂ ತೆರೆದು ನಾಲ್ಕು ಫೈಲ್ ಕೇಳಿ ನೋಡಿದ ಮೇಲೇ ಮುಂದಿನ ಕೆಲಸ.

ಮುಂದಿನ ಕೆಲಸ ಅಂದ್ರೆ ಸ್ಮಾರಕ ಖಾತೆ. ಈ ಅನುಕ್ರಮ ತಪ್ಪಬಾರದು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡರಲ್ಲೂ ಸಾವಿನ ದಾಖಲೆ ಕೊಟ್ಟರೆ ಹೆಸರಿನ ಪಕ್ಕ "ರಿಮೆಂಬರಿಂಗ್" ಅನ್ನೋ ಪದ ಬರುತ್ತೆ, ಆಮೇಲೆ ಯಾರೂ ಲಾಗಿನ್ ಆಗೋಕಾಗಲ್ಲ. ಪಾಸ್‌ವರ್ಡ್ ಗೊತ್ತಿದ್ರೂ ಆಗಲ್ಲ. ಈ ಕೋರಿಕೆ ಕಳಿಸೋಕೆ ಮನೆಯವರೇ ಆಗಬೇಕಿಲ್ಲ. ಸುದ್ದಿಯ ಕೊಂಡಿ ಹಿಡ್ಕೊಂಡು ಒಬ್ಬ ಅಭಿಮಾನಿ ಒಳ್ಳೇ ಮನಸ್ಸಿಂದಲೇ ಕಳಿಸಬಹುದು. ಪ್ರಸಿದ್ಧ ಖಾತೆಗಳಲ್ಲಿ ಅವಸರ ಇರೋದೇ ಈ ಕಾರಣಕ್ಕೆ.

ತಾನಿಲ್ಲದಾಗ ಖಾತೆಯ ಡೇಟಾ ಯಾರಿಗೆ ಸಿಗಬೇಕು ಅಂತ ಮೊದಲೇ ಹೇಳಿಡೋ ಆಯ್ಕೆ ಗೂಗಲ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್, ಆಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್. ಅದನ್ನ ಬದುಕಿದ್ದಾಗಲೇ ಹಾಕಿಟ್ಟಿದ್ರೆ ದಾರಿ ಸಲೀಸು. ಆಪಲ್‌ನದ್ದಕ್ಕೆ ಪ್ರವೇಶದ ಕೀ ಮತ್ತು ಮರಣ ಪ್ರಮಾಣಪತ್ರ ಎರಡೂ ಬೇಕು. ಸಿಕ್ಕ ಪ್ರವೇಶ 3 ವರ್ಷ ಇರುತ್ತೆ, ಆಮೇಲೆ ಖಾತೆಯೇ ಅಳಿಯುತ್ತೆ. "ಕ್ಲೌಡಲ್ಲಿ ಇದೆಯಲ್ಲ" ಅಂತ ಸುಮ್ಮನಾಗಬೇಡಿ.

ಮಧ್ಯರಾತ್ರಿ_ಮಾಡರೇಟರ್

ಕಾಮೆಂಟ್ ನನ್ನ ಪಾಲಿಗಿರಲಿ.

ಮೊದಲ ಮೂರು ದಿನ ಹೊಸ ಹಳೇ ಎಲ್ಲ ಪೋಸ್ಟುಗಳಲ್ಲೂ ಕಾಮೆಂಟ್ ಬಂದ್. ಹೊಸದನ್ನ ಮಾತ್ರ ಮುಚ್ಚಿದ್ರೆ ಜನ ಹಳೇ ಹುಟ್ಟುಹಬ್ಬದ ವಿಡಿಯೋ ಕೆಳಗೆ ಹೋಗಿ ಸೇರ್ತಾರೆ. ಮೆನ್ಷನ್, ಟ್ಯಾಗ್ ಎರಡನ್ನೂ "ಯಾರಿಗೂ ಬೇಡ"ಕ್ಕೆ ಹಾಕಿ. ಇಲ್ಲದಿದ್ರೆ ನೂರಾರು ಶ್ರದ್ಧಾಂಜಲಿ ಸ್ಟೋರಿಗಳು ನೋಟಿಫಿಕೇಶನ್ ಆಗಿ ಬಂದು ಬೀಳ್ತವೆ, ಪ್ರತಿಯೊಂದರಲ್ಲೂ ಅದೇ ಮುಖ. ಇನ್‌ಸ್ಟಾಗ್ರಾಮ್‌ನ ಹದಿಹರೆಯದವರ ಖಾತೆ ಆಗಿದ್ರೆ (2024ರಿಂದ ಬಂದದ್ದು) ಅಪರಿಚಿತರ ಮೆಸೇಜ್ ಬಾಗಿಲು ಮೊದಲೇ ಮುಚ್ಚಿರುತ್ತೆ. ಆದ್ರೆ ಹೆಸರುವಾಸಿ ಮಕ್ಕಳ ಖಾತೆಯನ್ನ ಎಷ್ಟೋ ಸಲ ದೊಡ್ಡವರ ವಯಸ್ಸು ಹಾಕಿ ತೆರೆದಿರ್ತಾರೆ, ಪರೀಕ್ಷಿಸಿ.

ಮತ್ತೆ ತೆರೆಯುವಾಗ ಯೂಟ್ಯೂಬ್‌ನಲ್ಲಿ "ಎಲ್ಲವನ್ನೂ ತಡೆಹಿಡಿ" ಹಾಕಿ. ತಡೆಹಿಡಿದದ್ದು 60 ದಿನ ಪಟ್ಟಿಯಲ್ಲಿರುತ್ತೆ, ಅವಸರವಿಲ್ಲ. ಪದಗಳ ಫಿಲ್ಟರ್ ಹಾಕುವಾಗ ಕನ್ನಡದ್ದೇ ಒಂದು ಫಜೀತಿ ಇದೆ. ಫಿಲ್ಟರ್ ಹೆಚ್ಚಾಗಿ ಬರೆದ ರೂಪವನ್ನಷ್ಟೇ ಹಿಡಿಯುತ್ತೆ, ನಮ್ಮ ಕ್ರಿಯಾಪದಕ್ಕೋ ಹತ್ತು ಬಾಲ. "ಸತ್ತ" ಅಂತ ಹಾಕಿದ್ರೆ ಸತ್ತಿದ್ದು, ಸತ್ತೋದ, ಸತ್ನಾ, ಸಾಯ್ಸಿದ್ರು, ಯಾವುದೂ ಸಿಗಲ್ಲ. ಒಂದೊಂದಾಗಿ ಹಾಕಬೇಕು. ಅವೇ ಪದಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋರೇ ಜಾಸ್ತಿ. "ಏನಾಯ್ತು" ಒಂದನ್ನೇ ಮುಂದೆ ವೈ ಹಾಕಿ, ವೈ ಇಲ್ಲದೆ, ಕೊನೆಗೆ ಯು ಹಾಕಿ, ಡಬಲ್ ಓ ಹಾಕಿ ಬರೀತಾರೆ. ಬಂದ ಕಾಮೆಂಟಲ್ಲಿ ಕಣ್ಣಿಗೆ ಬಿದ್ದ ರೂಪಗಳನ್ನ ದಿನಾ ಪಟ್ಟಿಗೆ ಸೇರಿಸ್ತಾ ಹೋಗಿ, ಒಂದು ವಾರಕ್ಕೆ ಹದಕ್ಕೆ ಬರುತ್ತೆ. ತೀರಿಕೊಂಡವರ ಹೆಸರನ್ನ ಫಿಲ್ಟರಿಗೆ ಹಾಕಬೇಕೋ ಬೇಡವೋ ಅನ್ನೋದನ್ನ ಮಗುವನ್ನ ಕೇಳಿಯೇ ತೀರ್ಮಾನಿಸಿ. ಹಾಕಿದ್ರೆ ಕೆಟ್ಟದ್ದರ ಜೊತೆ ಪ್ರೀತಿಯ ಮಾತೂ ಕಾಣೆಯಾಗುತ್ತೆ.

ತಿಂಗಳುಗಟ್ಟಲೆ ಬರೋದು ಬೈಗುಳ ಅಲ್ಲ, "ಅಣ್ಣ ಎಲ್ಲಿ? ಈಗ ಯಾಕೆ ವಿಡಿಯೋಗೆ ಬರ್ತಿಲ್ಲ?" ಅನ್ನೋ ಅಮಾಯಕ ಪ್ರಶ್ನೆ. ಹಳೇ ರೀಲ್ ಇವತ್ತು ಮೊದಲ ಸಲ ನೋಡಿದವರಿಗೆ ಏನು ಗೊತ್ತು, ಪಾಪ. ಹೆಚ್ಚು ಓಡೋ ಹತ್ತು ವಿಡಿಯೋಗಳಲ್ಲಿ ಪಿನ್ ಮಾಡಿದ ಒಂದು ಸಾಲು, ಬಯೋದಲ್ಲಿ ಅರ್ಧ ಸಾಲು. ಮುಕ್ಕಾಲು ಪಾಲು ನಿಲ್ಲುತ್ತೆ.

ಈ ಕೆಲಸಕ್ಕೆ ಅಪ್ಪ ಅಮ್ಮನ್ನ ಕೂರಿಸಬೇಡಿ, ಅವರದ್ದೂ ಮಗುವೇ ಹೋಗಿರೋದು. ಮನೆಗೆ ಹತ್ತಿರದ, ಆದರೆ ಆ ಮನೆಯೊಳಗಿಲ್ಲದ ಇಬ್ಬರು ದೊಡ್ಡವರು, ಒಬ್ಬರಾದ ಮೇಲೆ ಒಬ್ಬರು, ಒಂದು ಸಲಕ್ಕೆ ಅರ್ಧ ಗಂಟೆ. ಅದಕ್ಕಿಂತ ಜಾಸ್ತಿ ಓದಿದ್ರೆ ಓದೋರ ಕೈಯೇ ನಡುಗೋಕೆ ಶುರುವಾಗುತ್ತೆ, ತಪ್ಪು ಗುಂಡಿ ಒತ್ತುತ್ತಾರೆ.

ಕಟ್ಟುನಿಟ್ಟು

ಇಷ್ಟೆಲ್ಲ ರಾಮಾಯಣ ಯಾಕೆ? ಒಂದು ತಿಂಗಳು ಫೋನ್ ಕಿತ್ತಿಟ್ಟುಕೊಂಡ್ರೆ ಆಯ್ತಲ್ಲ.

ಆಪ್ತಸಮಾಲೋಚಕಿ

ಆಗಲ್ಲ ಸರ್. ಗೆಳೆಯ ಗೆಳತಿಯರು ಇರೋದೂ ಆ ಫೋನಿನಲ್ಲೇ, ಅಣ್ಣನ ದನಿ ಇರೋದೂ ಅದರಲ್ಲೇ. ಅದನ್ನ ಕಿತ್ತುಕೊಂಡ್ರೆ ಎರಡನೇ ಸಲ ಕಳೆದುಕೊಂಡ ಹಾಗೆ. ತೆಗೀಬೇಕಾದ್ದು ಸಾರ್ವಜನಿಕ ಖಾತೆಯ ಲಾಗಿನ್ ಮಾತ್ರ. 15-20 ಜನ ಪರಿಚಿತರಿರೋ ಇನ್ನೊಂದು ಪ್ರೈವೇಟ್ ಖಾತೆ ಇರಲಿ. ಡೇಟಾಮೇಷ್ಟ್ರು ಹೇಳಿದ ದನಿ ಫೈಲುಗಳನ್ನ ಇಂಟರ್ನೆಟ್ ಇಲ್ಲದ ಹಳೇ ಫೋನಿಗೋ ಪ್ಲೇಯರಿಗೋ ಹಾಕಿ ಕೊಡಿ. ರಾತ್ರಿ ಎರಡು ಗಂಟೆಗೆ ಅಣ್ಣನ ಮಾತು ಕೇಳಬೇಕು ಅನ್ನಿಸಿದಾಗ ಕಾಮೆಂಟ್ ದಾಟಿಕೊಂಡು ಹೋಗಬೇಕಾಗಿರಬಾರದು. ಮುಖ್ಯ ಫೋನ್ ಮಲಗೋ ಕೋಣೆಯ ಹೊರಗೆ ಚಾರ್ಜ್ ಆಗಲಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ದುಃಖದಲ್ಲಿ ಮೊದಲು ಕೆಡೋದೇ ನಿದ್ದೆ.

ನೋಡೋರು ತಪ್ಪು ತಿಳಿಯೋ ವಿಷಯ ಒಂದಿದೆ. ಎರಡನೇ ವಾರದಲ್ಲೇ ಆ ಹುಡುಗಿ ಗೆಳತಿಯರ ಜೊತೆ ನಕ್ಕ ವಿಡಿಯೋ ಹೊರಗೆ ಬರುತ್ತೆ, "ಇಷ್ಟು ಬೇಗ ಮರೆತಳಾ" ಅಂತಾರೆ. ದುಃಖದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ಸರಿಯಾಗಿ ಹೊಂದುತ್ತೆ: ದುಃಖದಲ್ಲಿರೋರು ಕಳೆದುಕೊಂಡದ್ದರ ಕಡೆಗೂ ನಡೀತಿರೋ ಬದುಕಿನ ಕಡೆಗೂ ಜೋಕಾಲಿ ಥರ ಹೋಗಿ ಬರ್ತಿರ್ತಾರೆ. ಮಕ್ಕಳಲ್ಲಿ ಈ ಓಡಾಟ ಇನ್ನೂ ಬೇಗಬೇಗ. ಬೆಳಿಗ್ಗೆ ಅಳು, ಮಧ್ಯಾಹ್ನ ಆಟ, ಸಂಜೆ ಸಿಡುಕು. ಕ್ಯಾಮೆರಾಗೆ ಸಿಗೋದು ಅದರಲ್ಲಿ ಒಂದು ತುಣುಕು. ದುಃಖಕ್ಕೆ "ಐದು ಹಂತ" ಇದೆ ಅಂತ ಕಾಮೆಂಟಲ್ಲಿ ಬರೋದೂ ಹೀಗೇ ತಪ್ಪು ತಿಳುವಳಿಕೆ. 1969ರಲ್ಲಿ ಮನೋವೈದ್ಯೆ ಕುಬ್ಲರ್-ರಾಸ್ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಬಗ್ಗೆ, ಉಳಿದವರಿಗೆ ಕೊಟ್ಟ ಟೈಮ್‌ಟೇಬಲ್ ಅಲ್ಲ ಅದು.

ಒಡಹುಟ್ಟಿದವರ ದುಃಖಕ್ಕೆ ಇನ್ನೊಂದು ಮಗ್ಗುಲಿದೆ. ಬಂದವರೆಲ್ಲ ಕೇಳೋದು "ಅಮ್ಮ ಹೇಗಿದ್ದಾರೆ?" ಲಕ್ಷ ಕಾಮೆಂಟಲ್ಲಿ ಬರೋದೂ "ಇನ್ನು ಅಪ್ಪ ಅಮ್ಮಂಗೆ ನೀನೇ ದಿಕ್ಕು." 15 ವರ್ಷದ ಮಗು ಅದನ್ನ ಆಜ್ಞೆ ಅಂತ ತಗೊಳ್ಳುತ್ತೆ, ಮನೆಯಲ್ಲಿ ಅಳೋದನ್ನೇ ನಿಲ್ಲಿಸುತ್ತೆ. ಮಧ್ಯರಾತ್ರಿಯವರೇ, ಆ "ನೀನೇ ದಿಕ್ಕು"ನ ನಿಮ್ಮ ಫಿಲ್ಟರ್ ಪಟ್ಟಿಗೆ ಸೇರಿಸಿ.

ಮಧ್ಯರಾತ್ರಿ_ಮಾಡರೇಟರ್

ಸೇರಿಸ್ದೆ ಮೇಡಂ. "ನೀನೇ ಧೈರ್ಯ ಹೇಳ್ಬೇಕು" ಕೂಡ.

ಕರಾರುಪತ್ರ

ಪ್ರಕಟಣೆ ಮತ್ತು ದುಡ್ಡಿನ ಬಗ್ಗೆ.

ಪ್ರಕಟಣೆ ಹಾಕಲೇಬೇಕು ಅಂತಿಲ್ಲ. ಹಾಕೋದಾದ್ರೆ ನಾಲ್ಕೈದು ಸಾಲು, ಬರೀ ಅಕ್ಷರ, ಕಾಮೆಂಟ್ ಮುಚ್ಚಿ. ಮಾದರಿ:

"ನನ್ನ ಅಣ್ಣ ತೀರಿಕೊಂಡಿದ್ದಾನೆ. ಸದ್ಯ ನಾನು ಇಲ್ಲಿ ಇರಲ್ಲ. ಈ ಖಾತೆಯನ್ನ ನಮಗೆ ಹತ್ತಿರದ ದೊಡ್ಡವರು ನೋಡಿಕೊಳ್ತಿದ್ದಾರೆ, ಮೆಸೇಜುಗಳಿಗೆ ಉತ್ತರ ಬರಲ್ಲ. ನಮ್ಮ ಹೆಸರಲ್ಲಿ ಯಾರಾದ್ರೂ ದುಡ್ಡು ಕೇಳಿದ್ರೆ ಅದು ನಾವಲ್ಲ. ಅವನ ವಿಡಿಯೋಗಳನ್ನ ಕತ್ತರಿಸಿ ಹಾಕಬೇಡಿ."

ಇದರಲ್ಲಿ ಬೇಕಂತಲೇ ಬಿಟ್ಟಿದ್ದು ಮೂರು. ಸಾವಿನ ಕಾರಣ, ಯಾಕಂದ್ರೆ ಅರ್ಧ ಹೇಳಿದ್ರೆ ಉಳಿದರ್ಧ ಜನ ಕಟ್ಟಿಕೊಳ್ತಾರೆ. ಅಂತ್ಯಸಂಸ್ಕಾರದ ಜಾಗ ಮತ್ತು ಹೊತ್ತು, ಯಾಕಂದ್ರೆ ಕ್ಯಾಮೆರಾ ಹಿಡಿದು ಬರ್ತಾರೆ. "ಬೇಗ ವಾಪಸ್ ಬರ್ತೀನಿ" ಅನ್ನೋ ಮಾತು, ಯಾಕಂದ್ರೆ ಮಾರನೇ ದಿನದಿಂದಲೇ ಎಣಿಸೋಕೆ ಶುರು ಮಾಡ್ತಾರೆ. ದುಡ್ಡಿನ ಸಾಲು ಮಾತ್ರ ಬಿಡಬೇಡಿ. ಅಭಿಮಾನಿ ಪೇಜ್ ಹೆಸರಲ್ಲಿ ನಕಲಿ ಸಹಾಯನಿಧಿ ಶುರುವಾಗೋಕೆ ಒಂದು ದಿನವೂ ಬೇಡ.

ಬ್ರ್ಯಾಂಡ್ ಒಪ್ಪಂದಗಳಿದ್ರೆ ಪಾಲಕರ ಹೆಸರಿಂದ ಒಂದೇ ಮೇಲ್: ಕುಟುಂಬದಲ್ಲಿ ಸಾವಾಗಿದೆ, ಇಂಥಿಂಥ ಕೆಲಸ ತಡೆಹಿಡಿದಿದ್ದೇವೆ, ಓಡ್ತಿರೋ ಜಾಹೀರಾತು ನಿಲ್ಲಿಸಿ, ಹೊಸ ದಿನಾಂಕವನ್ನ ನಾವೇ ತಿಳಿಸ್ತೇವೆ. ಮುಂಗಡ ತಗೊಂಡಿದ್ರೆ ಆ ಮೊತ್ತವನ್ನೂ ಅದರಲ್ಲೇ ನಮೂದಿಸಿ. ಫೋನಲ್ಲಿ ಒಪ್ಪಿಕೊಂಡದ್ದು ಲೆಕ್ಕಕ್ಕಿಲ್ಲ, ಬರವಣಿಗೆಯಲ್ಲಿ ಇರಲಿ.

"ವಿಡಿಯೋ ಹಾಕದಿದ್ರೆ ಚಾನೆಲ್ ಸತ್ತೇಹೋಗುತ್ತೆ" ಅನ್ನೋ ಹೆದರಿಕೆಗೆ ಒಂದು ಅಂಕಿ ಸಾಕು. ಯೂಟ್ಯೂಬ್ ಜಾಹೀರಾತು ಆದಾಯ ನಿಲ್ಲಿಸೋ ಹಕ್ಕು ಇಟ್ಟುಕೊಂಡಿರೋದು 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ವಿಡಿಯೋನೂ ಇಲ್ಲ, ಕಮ್ಯುನಿಟಿ ಪೋಸ್ಟೂ ಇಲ್ಲ ಅಂದಾಗ. ಒಂದು ಸಾಲಿನ ಪೋಸ್ಟ್ ಹಾಕಿದ್ರೂ ನಡೀತು. ನೋಡುಗರು ಕಡಿಮೆ ಆಗೋದು ಹೌದು, ಅದನ್ನ ಮುಚ್ಚಿಡೋಕಾಗಲ್ಲ.

ಚಾನೆಲ್‌ಕೆಲಸ

ಸಂಖ್ಯೆ ಕಡಿಮೆ ಆಗೋದಕ್ಕಿಂತ ಜಾಸ್ತಿ ಆಗೋದೇ ಕಷ್ಟ. ಆ ಐದು ಸಾಲಿನ ಪೋಸ್ಟ್ ಖಾತೆಯ ಇತಿಹಾಸದಲ್ಲೇ ಹೆಚ್ಚು ನೋಡಿದ್ದಾಗಿಬಿಡುತ್ತೆ. ಫಾಲೋವರ್ಸ್ ಒಂದು ವಾರದಲ್ಲಿ ಏರ್ತಾರೆ. "ಅಭಿನಂದನೆ, ನಿಮ್ಮ ಪೋಸ್ಟ್ ಉಳಿದವಕ್ಕಿಂತ ಚೆನ್ನಾಗಿ ಓಡ್ತಿದೆ" ಅನ್ನೋ ಧಾಟಿಯ ನೋಟಿಫಿಕೇಶನ್ ಬರುತ್ತೆ. ಅಣ್ಣನ ಸಾವಿಂದ ನಾನು ಬೆಳೀತಿದ್ದೀನಿ ಅಂತ ಮಗುವಿಗೆ ಅನ್ನಿಸೋಕೆ ಅಷ್ಟು ಸಾಕು. ಪೋಸ್ಟ್ ಹಾಕೋ ಮೊದಲೇ ಲೈಕ್ ಎಣಿಕೆ ಮರೆಮಾಡಿ, ಯೂಟ್ಯೂಬ್ ಸ್ಟುಡಿಯೋ ಆಪನ್ನ ಮಗುವಿನ ಫೋನಿಂದ ತೆಗೀರಿ. ನೆನಪಿನ ವಿಡಿಯೋ ಹಾಕಿದ್ರೆ ಅದರ ಮೇಲೆ ಜಾಹೀರಾತು ಆಫ್ ಮಾಡಿ. ಮೊತ್ತ ಸಣ್ಣದೇ ಇರಬಹುದು, ಆರೋಪ ಸಣ್ಣದಿರಲ್ಲ.

ಹಳೇ ವಿಡಿಯೋ ಡಿಲೀಟ್ ಮಾಡಬೇಡಿ. ಯೂಟ್ಯೂಬ್‌ನಲ್ಲಿ ಅಳಿಸಿದ್ದು ವಾಪಸ್ ಬರಲ್ಲ. ಪ್ರೈವೇಟ್ ಮಾಡಿದ್ರೆ ಎಲ್ಲ ಹಾಗೇ ಉಳಿಯುತ್ತೆ, ಮನಸ್ಸಾದಾಗ ತೆರೀಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಆರ್ಕೈವ್ ಇದೆ. ಸಿಟ್ಟಲ್ಲಿ ಈಗಾಗಲೇ ಅಳಿಸಿಬಿಟ್ಟಿದ್ರೆ "ಇತ್ತೀಚೆಗೆ ಅಳಿಸಿದ್ದು" ಅನ್ನೋದ್ರಲ್ಲಿ 30 ದಿನ ಸಿಗುತ್ತೆ, ಸ್ಟೋರಿ ಆದ್ರೆ 24 ಗಂಟೆ ಮಾತ್ರ.

ಆಪ್ತಸಮಾಲೋಚಕಿ

ಮೆಸೇಜ್ ಪೆಟ್ಟಿಗೆ ಬಗ್ಗೆ ಯಾರೂ ಹೇಳಿಲ್ಲ. ಸಾವಿನ ಸುದ್ದಿ ಹಾಕಿದ ಮೇಲೆ ಬರೋ ಮೆಸೇಜುಗಳಲ್ಲಿ ದೊಡ್ಡ ಪಾಲು ಅಪರಿಚಿತರು ತಮ್ಮ ಸ್ವಂತ ದುಃಖ ಹೇಳಿಕೊಳ್ಳೋದು. "ನನ್ನ ತಮ್ಮಾನೂ ಹೋದ, ನಿನಗೆ ಮಾತ್ರ ಅರ್ಥ ಆಗುತ್ತೆ." ತೆರೆಯಲ್ಲಿ ಕಂಡವರನ್ನ ಹತ್ತಿರದವರು ಅಂದುಕೊಳ್ಳೋ ಈ ಏಕಪಕ್ಷೀಯ ಬಂಧದ ಬಗ್ಗೆ ಹಾರ್ಟನ್ ಮತ್ತು ವೋಲ್ ಅನ್ನೋ ಸಂಶೋಧಕರು 1956ರಲ್ಲೇ ಬರೆದಿದ್ದರು, ಆಗಿನ್ನೂ ಟಿವಿಯ ಕಾಲ. ಈಗ ಆ ಬಂಧಕ್ಕೆ ಮೆಸೇಜ್ ಪೆಟ್ಟಿಗೆ ಬೇರೆ ಸಿಕ್ಕಿದೆ. ಅದನ್ನ ದೊಡ್ಡವರೇ ನೋಡಬೇಕು. ಸಾಯೋ ಮಾತಾಡಿದ ಮೆಸೇಜ್ ಬಂದ್ರೆ ಮಗುವಿನ ಹೆಸರಲ್ಲಿ ಉತ್ತರ ಕೊಡಬೇಡಿ. "ಈ ಖಾತೆ ನೋಡಿಕೊಳ್ಳೋ ದೊಡ್ಡವರು ನಾನು" ಅಂತ ಹೇಳಿ, ಅವರಿರೋ ಕಡೆಯ ತುರ್ತು ಸಂಖ್ಯೆಗೋ ಸಹಾಯವಾಣಿಗೋ ಕರೆ ಮಾಡೋಕೆ ಹೇಳಿ, ಆ ಮೆಸೇಜನ್ನ ವೇದಿಕೆಗೂ ರಿಪೋರ್ಟ್ ಮಾಡಿ. ಅಲ್ಲಿಗೆ ನಿಮ್ಮ ಕೆಲಸ ಮುಗೀತು.

ಮನೆಯಲ್ಲಾದ ಸಾವೇ ಆತ್ಮಹತ್ಯೆಯಾಗಿದ್ರೆ, ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಕೊಟ್ಟ ಸೂಚನೆಯನ್ನೇ ಲಕ್ಷ ಜನ ನೋಡೋ ಖಾತೆಗೂ ಅನ್ವಯಿಸಿ. ವಿಧಾನ, ಸ್ಥಳ, ಬರೆದಿಟ್ಟ ಚೀಟಿ, ಒಂದೇ ಕಾರಣ ಕಟ್ಟೋದು, "ನೋವಿಂದ ಮುಕ್ತಿ ಸಿಕ್ತು" ಅನ್ನೋ ಮಾತು ಯಾವುದೂ ಬೇಡ. ನೋಡೋರಲ್ಲಿ ಅದೇ ವಯಸ್ಸಿನವರು ಇದ್ದಾರೆ.

ಇನ್ನು ಮಗುವಿನ ಬಗ್ಗೆ. ದಿನದಿನಕ್ಕೆ ಏರಿಳಿತ ಇರೋದು ಸಹಜ. ನಾನೂ ಅವನ ಹತ್ತಿರ ಹೋಗ್ತೀನಿ ಅನ್ನೋದು, ಇಷ್ಟದ ವಸ್ತುಗಳನ್ನ ಹಂಚೋದು, ಮೈಗೆ ಗಾಯ ಮಾಡಿಕೊಳ್ಳೋದು ಕಂಡ್ರೆ ಅವತ್ತೇ ವೈದ್ಯರ ಹತ್ತಿರ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರ ಕೇಳಿ. ಕೇಳಿದ್ರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತೆ ಅನ್ನೋದು ಸುಳ್ಳು. ಅಂಥದ್ದೇನೂ ಇಲ್ಲದೆ, ಹಂಬಲ ಮತ್ತು ಮಂಕು ದಿನಾ ಅದೇ ತೀವ್ರತೆಯಲ್ಲಿ 6 ತಿಂಗಳು ದಾಟಿಯೂ ಶಾಲೆ, ಊಟ, ಗೆಳೆತನ ಎಲ್ಲ ನಿಂತಿದ್ರೆ ದೀರ್ಘಕಾಲದ ದುಃಖದ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. 2022ರ ಡಿಎಸ್‌ಎಂ-5-ಟಿಆರ್ (ಮಾನಸಿಕ ಕಾಯಿಲೆ ಗುರುತಿಸೋಕೆ ವೈದ್ಯರು ಬಳಸೋ ಅಮೆರಿಕದ ಕೈಪಿಡಿ) ದೊಡ್ಡವರಿಗೆ 12 ತಿಂಗಳು ಅಂತ ಇಟ್ಟಿದೆ, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ 6.

ಡೇಟಾಮೇಷ್ಟ್ರು

ಸತ್ತವರ ದನಿಯನ್ನ ಎಐನಿಂದ ಕಟ್ಟಿ "ಅಣ್ಣನ ಕೊನೇ ಸಂದೇಶ" ಅಂತ ಹಾಕೋರ ವಿಷಯ. ಮಗು ನೋಡೋ ಮೊದಲೇ ಮಾಡರೇಟರ್ ದಿನಕ್ಕೊಮ್ಮೆ ಹೆಸರು ಹುಡುಕಿ ನೋಡಬೇಕು. ರಿಪೋರ್ಟ್ ಮಾಡುವಾಗ ದಾರಿ ಸರಿಯಾಗಿ ಆರಿಸಿ. ನಮ್ಮ ವಿಡಿಯೋವನ್ನೇ ಕತ್ತರಿಸಿದ್ದರೆ ಕಾಪಿರೈಟ್ ದೂರು, ಮುಖ ಅಥವಾ ದನಿಯ ನಕಲಿ ಆಗಿದ್ದರೆ ಪ್ರೈವಸಿ ದೂರು, ಹೆಸರಲ್ಲಿ ಖಾತೆ ತೆರೆದಿದ್ದರೆ ಸೋಗಿನ ದೂರು. ಯೂಟ್ಯೂಬ್ ಪ್ರೈವಸಿ ದೂರನ್ನ ಸ್ವತಃ ಆ ವ್ಯಕ್ತಿಯೇ ಕೊಡಬೇಕು ಅನ್ನುತ್ತೆ, ತೀರಿಕೊಂಡವರ ವಿಷಯದಲ್ಲಿ ವಿನಾಯಿತಿ ಇದೆ. ಮೊದಲು ಕೊಂಡಿ, ಸ್ಕ್ರೀನ್‌ಶಾಟ್, ಹೊತ್ತು ಬರೆದಿಟ್ಟುಕೊಳ್ಳಿ. ಕಾಪಿರೈಟ್ ದೂರಿನಲ್ಲಿ ಕೊಟ್ಟ ಹೆಸರು ಎದುರಿನವರಿಗೂ ಹೋಗಬಹುದು, ಮಗುವಿನ ನಿಜ ಹೆಸರಾಗಲಿ ಮನೆ ವಿಳಾಸವಾಗಲಿ ಅದರಲ್ಲಿ ಇರದಿರಲಿ.

ಶಾಲೆಮೇಡಂ

ಶಾಲೆಗೆ ಮರಳುವ ಮುನ್ನ ಮೂರು ವಿಷಯ. ಮಾತಾಡೋಕೆ ಒಬ್ಬರೇ ಗೊತ್ತಾದ ಟೀಚರ್. ಕೇಳದೆ ತರಗತಿಯಿಂದ ಎದ್ದು ಹೋಗೋ ಅನುಮತಿ. ಸಹಪಾಠಿಗಳು ವಿಡಿಯೋ ಮಾಡಬಾರದು ಅನ್ನೋದನ್ನ ಆ ಮಗು ಇಲ್ಲದ ದಿನ ತರಗತಿಯಲ್ಲಿ ಹೇಳಿರಬೇಕು, ಎದುರಲ್ಲಿ ಹೇಳಿದ್ರೆ ಎಲ್ಲರ ಕಣ್ಣೂ ಅತ್ತಲೇ ತಿರುಗುತ್ತೆ.

ಆಪ್ತಸಮಾಲೋಚಕಿ

ತಾರೀಖುಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಹುಟ್ಟಿದ ದಿನ, ತೀರಿದ ದಿನ, ಚಾನೆಲ್ ಶುರುವಾದ ದಿನ. ಹಾಕೋದೋ ಬೇಡವೋ ಅಂತ ಎರಡು ವಾರ ಮೊದಲೇ ಮಗುವಿನ ಜೊತೆ ಕೂತು ತೀರ್ಮಾನಿಸಿ, ಏನೂ ಹಾಕದಿರೋದನ್ನೇ ಮೊದಲ ಆಯ್ಕೆಯಾಗಿಡಿ. ಗೂಗಲ್ ಫೋಟೋಸ್‌ನ ನೆನಪುಗಳಲ್ಲಿ ಆ ಮುಖವನ್ನ, ಆ ದಿನಾಂಕಗಳನ್ನ ಮರೆಮಾಡೋ ಆಯ್ಕೆ ಇದೆ. ಫೇಸ್‌ಬುಕ್‌ನಲ್ಲೂ ಇದೆ.

ಯಾರ ಕ್ಯಾಲೆಂಡರಿನಲ್ಲೂ ಇಲ್ಲದ ತಾರೀಖು ಇನ್ನೊಂದಿದೆ. ತಂಗಿಯ ವಯಸ್ಸು ಅಣ್ಣನ ವಯಸ್ಸನ್ನ ದಾಟೋ ದಿನ. ಮಕ್ಕಳು ಇದನ್ನ ಮನಸ್ಸಲ್ಲೇ ಎಣಿಸ್ತಿರ್ತಾರೆ, ಬಾಯಿ ಬಿಡಲ್ಲ. ಅಣ್ಣ ಬದುಕಿದ್ದು ಒಟ್ಟು ಎಷ್ಟು ದಿನ ಅಂತ ಲೆಕ್ಕ ಹಾಕಿ, ಅದನ್ನ ತಂಗಿ ಹುಟ್ಟಿದ ದಿನಕ್ಕೆ ಕೂಡಿಸಿದ್ರೆ ಸಿಗುತ್ತೆ.

ಡೇಟಾಮೇಷ್ಟ್ರು

ಅಷ್ಟು ಲೆಕ್ಕ ಬೇಡ ಮೇಡಂ. ತೀರಿಕೊಂಡ ದಿನಕ್ಕೆ ಇಬ್ಬರ ವಯಸ್ಸಿನ ಅಂತರ ಕೂಡಿಸಿ, ಅದೇ ತಾರೀಖು ಬರುತ್ತೆ. ಎರಡು ವರ್ಷ ಐದು ತಿಂಗಳು ಚಿಕ್ಕವಳಾದ್ರೆ, ಹೋದ ದಿನದಿಂದ ಎರಡು ವರ್ಷ ಐದು ತಿಂಗಳಿಗೆ.

ಆಪ್ತಸಮಾಲೋಚಕಿ

ಹೌದಲ್ಲ. ಅಷ್ಟೊತ್ತಿಗೆ ಮಾಡರೇಟರ್‌ಗಳು ಬಿಟ್ಟುಹೋಗಿರ್ತಾರೆ, ಶೆಡ್ಯೂಲ್ ಪೋಸ್ಟ್‌ಗಳು ಮತ್ತೆ ಶುರುವಾಗಿರ್ತವೆ. ಆ ಒಂದು ದಿನಕ್ಕೆ ಏನೂ ಶೆಡ್ಯೂಲ್ ಆಗದ ಹಾಗೆ ಈಗಲೇ ಗುರುತು ಹಾಕಿಡಿ.